ಸೂಜಿ ಮುಟ್ಟದ ಶೂನ್ಯ

ಬೈಲಹೊಂಗಲದ ಕಾಲೇಜೊಂದರ ಭೌತಶಾಸ್ತ್ರ ವಿಭಾಗದಲ್ಲಿ ನಾನು ಪ್ರಯೋಗಾಲಯ ಸಹಾಯಕನಾಗಿ ಮೂವತ್ತೊಂದು ವರ್ಷ ದುಡಿದೆ. ಯಾವಾಗ ಯಾವ ದರ್ಜೆಗೆ ಏರಿದೆ ಎಂಬುದು ನನ್ನ ಹೆಂಡತಿಗೇ ನೆನಪಿಲ್ಲ, ನಿಮಗೇಕೆ? ಈಗ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ನೇಮಕಾತಿ ಪತ್ರದಲ್ಲಿ ‘ಉಪಕರಣಗಳ ನಿರ್ವಹಣೆ’ ಎಂದು ಓದಿ ಹಿಗ್ಗುತ್ತಾರೆ. ಉಪಕರಣಗಳು ಸುಲಭ. ಎಣ್ಣೆ ಬಿಟ್ಟರೆ ತಿರುಗುತ್ತವೆ, ಧೂಳು ಒರೆಸಿದರೆ ಸುಮ್ಮನಿರುತ್ತವೆ. ನಿರ್ವಹಿಸಬೇಕಾದದ್ದು ಉಪಕರಣದ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುವವರನ್ನು. ಅದನ್ನು ಯಾರೂ ಪತ್ರದಲ್ಲಿ ಬರೆಯುವುದಿಲ್ಲ. ಹೀಗಾಗಿ ನಾನು ಬರೆಯುತ್ತಿದ್ದೇನೆ.

ನನ್ನ ಹೆಸರು ಮಡಿವಾಳಪ್ಪ, ಊರು ಸಂಪಗಾಂವ. ಐಟಿಐಯಲ್ಲಿ ಫಿಟ್ಟರ್ ಕೆಲಸ ಕಲಿತೆ. ಕೆಲವು ಕಾಲ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಬೇರಿಂಗುಗಳಿಗೆ ಗ್ರೀಸು ತುಂಬಿದೆ. ಉಗುರಿನ ಕಪ್ಪು ಹೋಗುವ ಮೊದಲೇ ಕಾಲೇಜಿಗೆ ಬಂದೆ. ಮೊದಲ ವರ್ಷವೇ ಒಂದು ಪಾಠವಾಯಿತು. ಲೋಲಕದ ಪ್ರಯೋಗಕ್ಕೆ ನಾನು ಮಕ್ಕಳಿಗೆ ಕೊಟ್ಟ ಮರದ ಅಳತೆಪಟ್ಟಿಯ ಮೊದಲ ಎರಡು ಸೆಂಟಿಮೀಟರು ಮುರಿದು ಹೋಗಿತ್ತು. ನಾನು ನೋಡಿರಲಿಲ್ಲ. ಆ ಪಟ್ಟಿಯಿಂದ ದಾರ ಅಳೆದ ಯಾರಿಗೂ ಸರಿಯಾದ ಉತ್ತರ ಬರುವಂತಿರಲಿಲ್ಲ. ಆದರೆ ಇಡೀ ತರಗತಿಗೆ ಗುರುತ್ವದ ಬೆಲೆ ಒಂಬತ್ತು ಪಾಯಿಂಟ್ ಎಂಟು ಬಂತು, ಪುಸ್ತಕದಲ್ಲಿ ಇದ್ದ ಹಾಗೆ! ಒಬ್ಬಳೇ ಹುಡುಗಿಗೆ ಹತ್ತು ಬಂದಿತ್ತು. ಆಗಿನ ಮುಖ್ಯಸ್ಥರು ಅವಳನ್ನು ನಿಲ್ಲಿಸಿ ಬೈದರು. ಮರುದಿನ ಪಟ್ಟಿಯ ಮುರುಕು ನನ್ನ ಕಣ್ಣಿಗೆ ಬಿತ್ತು. ಓಡಿಹೋಗಿ ಹೇಳಿದೆ. ಅವರು ಕನ್ನಡಕದ ಮೇಲಿಂದ ನೋಡಿದರು.

“ಹಂಗಾದ್ರ ಪಟ್ಟಿ ಬದಲಿ ಮಾಡು. ನಿನ್ನೆ ಆದದ್ದು ಯಾರಿಗೂ ಹೇಳಬ್ಯಾಡ.”

“ಆ ಹುಡುಗಿಗೆ ಹೇಳಬೇಕಲ್ಲರಿ ಸರ?”

“ಆಕಿಗೇನ್ ಹೇಳತಿ? ನಲವತ್ತು ಮಂದಿ ತಪ್ಪು, ನೀ ಒಬ್ಬಾಕಿ ಬರೋಬರಿ ಅಂತೇನ?”

ನಾನು ಹೇಳಲಿಲ್ಲ. ಕೆಲಸ ಹೊಸದು, ಹೆದರಿಕೆ ಹೆಚ್ಚು. ಇಂಥವನ್ನು ಜನ ಅನುಭವ ಎಂದು ಕರೆಯುತ್ತಾರೆ.

ಇಪ್ಪತ್ತು ವರ್ಷಕ್ಕೂ ಮಿಕ್ಕಿ ಇಂಥ ಅನುಭವ ಪಡೆದ ಮೇಲೆ ನಮ್ಮ ಕಾಲೇಜಿಗೆ ಆ ಯಂತ್ರ ಬಂತು. ಕಾಲೇಜಿಗೆ ದರ್ಜೆ ಕೊಡುವ ಪರಿಶೀಲನಾ ತಂಡ ಬರುವುದಿತ್ತು. ‘ಸಂಶೋಧನಾ ಕೇಂದ್ರ’ ಎಂಬ ಫಲಕವನ್ನು ನಾವು ಮೊದಲೇ ಬರೆಸಿಬಿಟ್ಟಿದ್ದೆವು. ಅದರ ಕೆಳಗೆ ಇಡಲು ಏನಾದರೂ ಬೇಕಾಗಿತ್ತು. ದೂರದ ಊರಿನ ಯಾವುದೋ ಕಂಪನಿ ತನ್ನ ಪ್ರಯೋಗಾಲಯ ಮುಚ್ಚುವಾಗ ಬೇಡವಾದ ಪರಮಾಣು ಬಲ ಸೂಕ್ಷ್ಮದರ್ಶಕವೊಂದನ್ನು ದಾನವಾಗಿ ಕೊಟ್ಟಿತು.

ಹೆಸರು ದೊಡ್ಡದಾದರೂ ಅದರ ಕೆಲಸ ಕುರುಡರು ಬೆರಳಿನಿಂದ ಅಕ್ಷರ ಸವರಿ ಓದಿದಂತೆ. ಒಂದು ಪುಟ್ಟ ತೆಳು ಪಟ್ಟಿ, ಅದರ ತುದಿಗೆ ಕಣ್ಣಿಗೆ ಕಾಣದಷ್ಟು ಚೂಪಾದ ಸೂಜಿ. ಸೂಜಿಯನ್ನು ವಸ್ತುವಿನ ಮೈಮೇಲೆ ಎಳೆದರೆ ಘರ್ಷಣೆಗೆ ಪಟ್ಟಿ ತಿರುಚಿಕೊಳ್ಳುತ್ತದೆ. ಪಟ್ಟಿಯ ಬೆನ್ನಿಗೆ ಬಿಟ್ಟ ಲೇಸರ್ ಬೆಳಕು ಆಗ ಸರಿದಾಡುತ್ತದೆ. ಬೆಳಕು ಎಷ್ಟು ಸರಿಯಿತೋ ಘರ್ಷಣೆ ಅಷ್ಟು. ಇದಿಷ್ಟೇ. ಇದನ್ನು ಪರಿಶೀಲನಾ ತಂಡಕ್ಕೆ ವಿವರಿಸಬೇಕೆಂದು ನಾನು ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದೆ. ತಂಡ ಬಂದಾಗ ಯಂತ್ರಕ್ಕೆ ಕುಂಕುಮ ಹಚ್ಚಿ ಚೆಂಡುಹೂವಿನ ಮಾಲೆ ಹಾಕಲಾಗಿತ್ತು. ತಂಡದವರೊಬ್ಬರು ಚಾಲೂ ಇದೆಯೇ ಎಂದು ಕೇಳಿದರು. ನಮ್ಮ ಮುಖ್ಯಸ್ಥರಾದ ಡಾ. ಗಲಗಲಿ ಸರ್ ಕೈಮುಗಿದು, “ಹೊರಗಿನವರ ಉಸಿರು ತಾಗಿದ್ರೂ ಅಳ್ಳಾಡತೈತ್ರಿ, ಅಷ್ಟ ಸೂಕ್ಷ್ಮ” ಎಂದರು. ತಂಡದವರು ಉಸಿರು ಹಿಡಿದು ಹೊರಬಂದು, ಊಟ ಮುಗಿಸಿ, ಕಿತ್ತೂರಿನ ಕೋಟೆ ನೋಡಲು ಹೋದರು. ನಮಗೆ ಒಳ್ಳೆಯ ದರ್ಜೆ ಸಿಕ್ಕಿತು. ಯಂತ್ರದ ಪ್ಲಗ್ಗು ಇನ್ನೂ ಪ್ಲಾಸ್ಟಿಕ್ ಚೀಲದಲ್ಲೇ ಇತ್ತು.

ಗಲಗಲಿ ಸರ್ ಕೆಟ್ಟವರಲ್ಲ. ಇಸ್ತ್ರಿ ಮುದುಡದ ಸಫಾರಿ, ಮೆಲುಮಾತು, ‘ಜಾಗತಿಕ’ ಎಂಬ ಶಬ್ದದ ಮೇಲೆ ವಿಪರೀತ ಪ್ರೀತಿ. ಕಾಲೇಜಿನ ಹೊಸ ನೀರಿನ ಟಾಕಿಯೂ ಅವರ ಭಾಷಣದಲ್ಲಿ ಜಾಗತಿಕ ಮಟ್ಟದ್ದೇ ಆಗಿತ್ತು. ಯಂತ್ರವನ್ನು ಮಾತ್ರ ಅವರು ಒಮ್ಮೆಯೂ ಮುಟ್ಟಲಿಲ್ಲ. ಅದನ್ನು ನಿಜವಾಗಿ ಮುಟ್ಟಿದವಳು ಶಾಹೀನ.

ಶಾಹೀನ ಮುನವಳ್ಳಿಯವಳು. ತಂದೆ ಟೆಂಪೋ ಚಾಲಕ. ಸವದತ್ತಿಯಿಂದ ಹಳ್ಳಿಗಳಿಗೆ ಮನೆ ಕಟ್ಟುವ ಸಾಮಾನು ಸಾಗಿಸುತ್ತಿದ್ದರು. ಅವಳು ಎಂ.ಎಸ್ಸಿ. ಮುಗಿಸಿ ಪಿಎಚ್.ಡಿ. ಮಾಡಲು ನಮ್ಮಲ್ಲಿಗೆ ಬಂದಾಗ ಗಲಗಲಿ ಸರ್, “ಗ್ರಾಫೈಟಿನ ಘರ್ಷಣೆ ತಗೋ, ಜಾಗತಿಕ ವಿಷಯ” ಎಂದರು. ಪೆನ್ಸಿಲಿನ ಕಡ್ಡಿಯಲ್ಲಿರುವುದೇ ಗ್ರಾಫೈಟ್. ಹಾಳೆಯ ಮೇಲೆ ಹಾಳೆ ಇಟ್ಟಂಥ ರಚನೆ ಅದರದು. ಅದರ ಒಂದು ಚಿಕ್ಕ ಚೂರನ್ನು ಇನ್ನೊಂದು ನುಣುಪಾದ ಗ್ರಾಫೈಟಿನ ಮೇಲೆ ಎಳೆದರೆ ಒಮ್ಮೊಮ್ಮೆ ಘರ್ಷಣೆಯೇ ಇಲ್ಲವೇನೋ ಎಂಬಂತೆ ಜಾರುತ್ತದೆ ಎಂದು ಬೇರೆ ದೇಶದವರು ಕಂಡುಕೊಂಡು ವರ್ಷಗಳಾಗಿದ್ದವು. ನಾವು ಬೈಲಹೊಂಗಲದಲ್ಲಿ ಮತ್ತೊಮ್ಮೆ ಕಂಡುಕೊಳ್ಳಬೇಕಿತ್ತು.

ಮೊದಲ ತೊಂದರೆ ನಡುಕ. ಕೋಣೆ ರಸ್ತೆಯ ಬದಿಗೆ. ಕಬ್ಬು ಕಡಿಯುವ ದಿನಗಳಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಹೋಗುತ್ತವೆ. ಕಂಪ್ಯೂಟರಿನ ತೆರೆಯ ಮೇಲೆ ಚೆಂದದ ಅಲೆಗಳು ಮೂಡಿದವು. ಗಲಗಲಿ ಸರ್ ಅದನ್ನು ಪರಮಾಣುಗಳ ಸಾಲು ಎಂದು ಗುರುತಿಸಿ ಪ್ರಿಂಟು ತೆಗೆಸಿ ಗೋಡೆಗೆ ಹಾಕಿಸಿದರು. ಶಾಹೀನ ಕಿಟಕಿಯ ಬಳಿ ನಿಂತು ಗಡಿಯಾರ ನೋಡಿ ಟ್ರ್ಯಾಕ್ಟರುಗಳನ್ನು ಬರೆದುಕೊಂಡಳು. ಎರಡನ್ನೂ ಪಕ್ಕಕ್ಕಿಟ್ಟಾಗ ಪರಮಾಣುಗಳು ಸಕ್ಕರೆ ಕಾರ್ಖಾನೆಗೆ ಹೋಗುತ್ತಿರುವುದು ಸ್ಪಷ್ಟವಾಯಿತು. ಆಗ ನನ್ನ ಫಿಟ್ಟರ್ ಬುದ್ಧಿ ಉಪಯೋಗಕ್ಕೆ ಬಂತು. ನೆಲಕ್ಕೆ ಹಾಸುವ ಒಂದು ದಪ್ಪ ಫರಸಿ ಕಲ್ಲು ತಂದು, ಸೈಕಲ್ ಟ್ಯೂಬುಗಳಿಂದ ಚಾವಣಿಗೆ ತೂಗುಬಿಟ್ಟು, ಅದರ ಮೇಲೆ ಯಂತ್ರ ಇಟ್ಟೆ. ತೊಟ್ಟಿಲಲ್ಲಿಟ್ಟ ಕೂಸಿನ ಹಾಗೆ ನಡುಕ ನಿಂತಿತು. ಗೋಡೆಯ ಪ್ರಿಂಟು ಮಾತ್ರ ಅಲ್ಲಿಯೇ ಉಳಿಯಿತು. ಅದಕ್ಕೆ ಚೌಕಟ್ಟು ಹಾಕಿಸಿಯಾಗಿತ್ತು.

ಎರಡನೆಯ ತೊಂದರೆ ನಾನೇ. ಸೂಜಿಯನ್ನು ಇಳಿಸಿ ಮೈಗೆ ಮುಟ್ಟಿಸುವ ಕೆಲಸ ನನ್ನದು. ಹೆಚ್ಚು ಇಳಿಸಿದರೆ ಸೂಜಿ ಮುರಿಯುತ್ತದೆ. ಆಗಲೇ ಮೂರು ಮುರಿದಿದ್ದೆ. ನಾಲ್ಕನೆಯದನ್ನು ಹೆದರಿ ಹೆದರಿ ಇಳಿಸಿದೆ. ‘ಮುಟ್ಟಿದೆ’ ಎಂದು ಯಂತ್ರ ತೋರಿಸಿತು. ಅಂದು ಗ್ರಾಫೈಟಿನ ಘರ್ಷಣೆ ನೋಡಿದರೆ ಶೂನ್ಯ. ಮರುದಿನವೂ ಶೂನ್ಯ. ಗೆರೆ ನಮ್ಮ ಮಲಪ್ರಭೆಯ ಹಿನ್ನೀರಿನಷ್ಟು ಸಪಾಟು.

ಗಲಗಲಿ ಸರ್ ಎರಡನೆಯ ದಿನವೇ ಪತ್ರಕರ್ತರಿಗೆ ಫೋನು ಹಚ್ಚಿದರು. ಮೂರನೆಯ ದಿನ ಪೇಢೆ ಹಂಚಲಾಯಿತು. ನಾಲ್ಕನೆಯ ದಿನ ಗೇಟಿಗೆ ಬ್ಯಾನರ್ ಬಂತು. ಬೈಲಹೊಂಗಲದಲ್ಲಿ ಘರ್ಷಣೆಯನ್ನು ಸೊನ್ನೆಗೆ ಇಳಿಸಿದ ಸುದ್ದಿ ಎಲ್ಲರ ಮೊಬೈಲಿಗೂ ಹರಿದಾಡಿತು. ಫೋಟೋದಲ್ಲಿ ನಾನೂ ಇದ್ದೆ, ಯಂತ್ರದ ಹಿಂದೆ, ಅರ್ಧ ಮುಖ.

ಐದನೆಯ ದಿನ ಬೆಳಿಗ್ಗೆ ಶಾಹೀನ ನನ್ನನ್ನು ಒಳಗೆ ಕರೆದಳು.

“ಕಾಕಾ, ಗ್ರಾಫೈಟ್ ತಗದು ಗಾಜು ಇಟ್ಟೆ. ಶೂನ್ಯ ಬಂತು.”

“ಗಾಜೂ ನುಣುಪು ಇರತೈತಲ್ಲ ತಂಗಿ.”

“ಉಪ್ಪುಕಾಗದ ಇಟ್ಟೆ. ಶೂನ್ಯ.”

ನಾನು ಬಗ್ಗಿ ತೆರೆಯ ಮೇಲಿನ ಗೆರೆ ನೋಡಿದೆ.

“ಆಮ್ಯಾಲ ಏನೂ ಇಡಲಿಲ್ಲ. ಬರೇ ಗಾಳಿ. ಅದೂ ಶೂನ್ಯ. ಕಾಕಾ, ಸೂಜಿ ಮುಟ್ಟೇ ಇಲ್ಲ.”

ಲೇಸರ್ ಬೆಳಕು ಪಟ್ಟಿಯ ಅಂಚಿಗೆ ಸರಿದು ಯಂತ್ರ ಮೋಸಹೋಗಿತ್ತು. ಹೊಂದಿಸಿದವನು ನಾನು. ಐದು ದಿನ ನಾವು ಗಾಳಿಯ ಘರ್ಷಣೆ ಅಳೆದು ಊರಿಗೆಲ್ಲ ಪೇಢೆ ತಿನ್ನಿಸಿದ್ದೆವು. ಇಬ್ಬರೂ ಹೋಗಿ ಗಲಗಲಿ ಸರ್ ಮುಂದೆ ನಿಂತೆವು. ಅವರು ಮೇಜಿನ ಮೇಲಿದ್ದ ಪೇಪರನ್ನು ನಮ್ಮ ಕಡೆ ತಿರುಗಿಸಿದರು.

“ಪೇಪರಿನ್ಯಾಗ ಬಂದೈತಲ್ಲೋ ಮಡಿವಾಳಪ್ಪ” ಎಂದರು, ಪೇಪರಿನಲ್ಲಿ ಬಂದದ್ದನ್ನು ಪ್ರಕೃತಿ ಪಾಲಿಸಲೇಬೇಕು ಎಂಬಂತೆ. “ಈಗ ತಪ್ಪು ಅಂದ್ರ ಕಾಲೇಜಿನ ಮರ್ಯಾದಿ ಏನಾಗಬೇಕು? ನೀವು ಸರಿಯಾಗಿ ಅಳೀರಿ. ಶೂನ್ಯ ಬರೂತನಕಾ ಅಳೀರಿ.”

ಮುಂದಿನ ಏಳೆಂಟು ತಿಂಗಳು ನಾವು ನಿಜವಾಗಿ ಅಳೆದೆವು. ಇದು ನನ್ನ ಇಡೀ ನೌಕರಿಯಲ್ಲಿ ನಾನು ಹೆಮ್ಮೆಪಡುವ ಒಂದೇ ಕಾಲ, ಆದ್ದರಿಂದ ಗೇಲಿ ಕಡಿಮೆ ಮಾಡುತ್ತೇನೆ. ಪ್ರತಿದಿನ ಬೆಳಿಗ್ಗೆ ಅಂಟುಪಟ್ಟಿ ಹಚ್ಚಿ ಗ್ರಾಫೈಟಿನ ಮೇಲ್ಪದರ ಕಿತ್ತು ಹೊಸ ಮೈ ತೆರೆಯುತ್ತಿದ್ದೆವು. ಸೂಜಿಯನ್ನು ಮುಟ್ಟಿಸುತ್ತಿದ್ದೆವು, ಈ ಸಲ ಖರೆ. ಎಳೆಯುತ್ತ ಹೋದಂತೆ ಗ್ರಾಫೈಟಿನ ಒಂದು ಚೂರು ಸೂಜಿಯ ತುದಿಗೇ ಅಂಟಿಕೊಳ್ಳುತ್ತಿತ್ತು. ಅಂಥ ಸಾವಿರಾರು ಚೂರುಗಳನ್ನು ಸಾಲಾಗಿಟ್ಟರೆ ಒಂದು ತಲೆಗೂದಲಿನ ದಪ್ಪಕ್ಕೆ ಸಮ. ಆಗ ಒಂದು ವಿಚಿತ್ರ ಕಂಡಿತು. ಅದೇ ಚೂರು, ಅದೇ ಮೈ, ಆದರೆ ಕೆಲವು ಸಲ ಕಿರಿಕಿರಿಯಿಲ್ಲದೆ ಜಾರುತ್ತದೆ, ಕೆಲವು ಸಲ ಕಚ್ಚಿ ಹಿಡಿಯುತ್ತದೆ. ಕಾರಣ ನನಗೆ ತಿಳಿಯಲೇ ಇಲ್ಲ.

ಶಾಹೀನ ಪುಸ್ತಕದಿಂದ ಹೇಳಿಕೊಟ್ಟಳು, ನನ್ನ ತಲೆಗೆ ಹೋಗಲಿಲ್ಲ. ಒಂದು ದಿನ ಅವಳ ತಂದೆ ಪತ್ರಾಸು, ಅಂದರೆ ಚಾವಣಿಗೆ ಹಾಕುವ ಅಲೆಅಲೆ ತಗಡು, ಹೇರಿಕೊಂಡು ಬಂದು ಕಾಲೇಜಿನ ಮುಂದೆ ಟೆಂಪೋ ನಿಲ್ಲಿಸಿದರು. ಸೈಕಲ್ ಸ್ಟ್ಯಾಂಡಿನ ಚಾವಣಿಗೆ ತಂದದ್ದು. ಅವಳು ನನ್ನನ್ನು ಹೊರಗೆ ಎಳೆದುಕೊಂಡು ಹೋದಳು.

“ಕಾಕಾ, ಮ್ಯಾಲಿನ ತಗಡು ಸರಸ್ರಿ.”

ಸರಿಯಲಿಲ್ಲ. ಮೇಲಿನ ತಗಡಿನ ಏಣು ತಗ್ಗುಗಳು ಕೆಳಗಿನ ತಗಡಿನ ಏಣು ತಗ್ಗುಗಳಿಗೆ ಹೊಂದಿ ಕೂತಿದ್ದವು.

“ಈಗ ಅಡ್ಡ ತಿರುಗಿಸಿ ಸರಸ್ರಿ.”

ತಿರುಗಿಸಿ ತಳ್ಳಿದೆ. ಏಣಿನ ಮೇಲೆ ಏಣು ನಿಂತು ತಗಡು ಸರ್ರನೆ ಜಾರಿ, ಟೆಂಪೋದ ಆಚೆ ಬಿದ್ದು, ಪ್ರಿನ್ಸಿಪಾಲರ ಕಾರಿನ ಮುಂದೆ ಗಲಾಟೆ ಎಬ್ಬಿಸಿತು. ಅವಳ ತಂದೆ ಹಣೆ ಹಣೆ ಬಡಿದುಕೊಂಡರು. “ಯಾ ಅಲ್ಲಾ, ಇದಕ್ಕನ ನಿಮ್ಮನ್ನ ಸರಕಾರ ಓದಿಸಾಕತ್ತೈತೇನು?” ಎಂದರು. ನನಗೆ ಮಾತ್ರ ತಿಳಿದುಹೋಯಿತು. ಗ್ರಾಫೈಟಿನ ಪರಮಾಣುಗಳು ಜೇನುಹಲ್ಲೆಯಂತೆ ಆರು ಮೂಲೆಯ ಮನೆ ಕಟ್ಟಿಕೊಂಡಿರುತ್ತವೆ. ಮೇಲಿನ ಮನೆಗಳು ಕೆಳಗಿನವಕ್ಕೆ ಹೊಂದಿ ಕೂತರೆ ಕಚ್ಚುತ್ತವೆ. ಸ್ವಲ್ಪ ತಿರುಗಿದರೆ ಎಲ್ಲಿಯೂ ಹೊಂದದೆ ಜಾರುತ್ತವೆ. ಅರವತ್ತು ಡಿಗ್ರಿ ತಿರುಗುವಷ್ಟರಲ್ಲಿ ಮತ್ತೆ ಕಚ್ಚುತ್ತವೆ. ನಮ್ಮ ಅಳತೆಯಲ್ಲಿ ಹಾಗೆಯೇ ಬಂತು. ಜಾರುವಾಗ ಘರ್ಷಣೆ ಬಹಳ ಬಹಳ ಕಡಿಮೆ, ಆದರೆ ಶೂನ್ಯವಲ್ಲ.

ಗಲಗಲಿ ಸರ್‌ಗೆ ಬೇಸರವಾಯಿತು. “ಮೊದಲ ಶೂನ್ಯ ಇತ್ತು. ಇಷ್ಟು ದಿನ ದುಡದು ಹೆಚ್ಚು ಮಾಡಿದ್ರಲ್ಲೋ” ಎಂದರು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಲೇಸರಿನದಲ್ಲ, ಅದಕ್ಕಿಂತ ದೊಡ್ಡದು.

ಕಾಲೇಜಿನ ಆಡಳಿತ ಮಂಡಳಿಯಲ್ಲಿ ಮಲ್ಲೇಶಪ್ಪ ಸಾಹುಕಾರರು ಎಂಬುವರಿದ್ದರು. ಎಣ್ಣೆ, ಗ್ರೀಸು, ಪಂಪ್‌ಸೆಟ್ಟಿನ ಬಿಡಿಭಾಗಗಳ ವ್ಯಾಪಾರ. ಶೂನ್ಯದ ಸುದ್ದಿ ಓದಿ ಅವರು ಗ್ರಾಫೈಟ್ ಪುಡಿಯ ಒಂದು ಲಾರಿ ತರಿಸಿಬಿಟ್ಟರು. ಡಬ್ಬಿಗೆ ‘ಶೂನ್ಯಪ್ರಭಾ’ ಎಂದು ಹೆಸರಿಟ್ಟರು. ಅವರಿಗೆ ಒಂದು ಪರೀಕ್ಷಾ ವರದಿ ಬೇಕಾಗಿತ್ತು. ಗಲಗಲಿ ಸರ್ ನನ್ನನ್ನು ಕರೆದು, ಒಂದೇ ಪುಟದಲ್ಲಿ, ಮಂದಿಗೆ ತಿಳಿಯುವ ಹಾಗೆ ಬರೆದು ಕೊಡು ಎಂದರು. ನಾನು ಬರೆದೆ: ‘ನುಣುಪಾದ ಗ್ರಾಫೈಟ್ ಮೈಗಳ ನಡುವೆ ಘರ್ಷಣೆ ಅತ್ಯಂತ ಕಡಿಮೆ ಇರುವುದು ಪರೀಕ್ಷೆಯಿಂದ ಕಂಡುಬಂದಿದೆ.’ ಕೆಳಗೆ ಸಹಿ ಮಾಡಿದೆ. ಟೈಪು ಮಾಡುವಾಗ ಶಾಹೀನ ಹೆಗಲ ಮೇಲಿಂದ ಓದಿದಳು.

“ಕಾಕಾ, ಚೂರಿನ ಅಗಲ ಎಷ್ಟು ಅಂತ ಬರೀರಿ.”

“ಸರ್ ಒಂದ ಪುಟ ಸಾಕಂದಾರವ್ವಾ.”

“ಒಂದ ಸಾಲು ಕಾಕಾ. ಇಷ್ಟ ಸಣ್ಣ ಚೂರಿಗೆ ಮಾತ್ರ ಅಂತ.”

“ಬರದದ್ದು ಸುಳ್ಳಲ್ಲಲ್ಲ?”

“ಸುಳ್ಳಲ್ಲ. ಅರ್ಧ ಐತಿ.”

ನಾನು ಆ ಸಾಲು ಸೇರಿಸಲಿಲ್ಲ. ಯಾರೂ ನನ್ನ ಕೈ ಹಿಡಿದಿರಲಿಲ್ಲ. ಪುಟದಲ್ಲಿ ಜಾಗವೂ ಇತ್ತು. ಸಾಹುಕಾರರ ಕಚೇರಿಯಿಂದ ಬಂದ ಚಹಾ ಆರಿಹೋಗುತ್ತಿತ್ತು, ಅಷ್ಟೇ.

ಡಬ್ಬಿಗಳು ಪೇಟೆಗೆ ಹೋದವು. ಡಬ್ಬಿಯ ಒಂದು ಮಗ್ಗುಲಿಗೆ ನನ್ನ ವರದಿ, ಸಹಿ ಸಮೇತ. ಇನ್ನೊಂದು ಮಗ್ಗುಲಿಗೆ ಸಾಹುಕಾರರ ಸ್ವಂತ ಸಾಹಿತ್ಯ: ‘ಎಣ್ಣೆ ಬೇಡ, ಗ್ರೀಸು ಬೇಡ. ಮೋಟಾರು, ಗಾಡಿ, ಮಗ್ಗ, ಎಲ್ಲದರ ಎಲ್ಲ ಭಾಗಗಳಿಗೆ.’ ಸಂಪಗಾಂವದ ನಮ್ಮ ಮಾವ ಟ್ರ್ಯಾಕ್ಟರಿಗೆ ಹಾಕಬೇಕೇ ಎಂದು ಫೋನು ಮಾಡಿದರು. ಬೇಡವೇ ಬೇಡ ಎಂದೆ. ನನ್ನ ಮಾವನಿಗೆ ಬೇಡವೆಂದದ್ದನ್ನು ಉಳಿದವರಿಗೆ ಹೇಳಬೇಕು ಎಂದು ನನಗೆ ಹೊಳೆಯಲಿಲ್ಲ. ಅಥವಾ ಹೊಳೆದಿತ್ತು. ಈಗ ಬರೆಯುವಾಗ ಎರಡರಲ್ಲಿ ಯಾವುದು ಎಂದು ಹೇಳಲು ಹಿಂಜರಿಕೆಯಾಗುತ್ತದೆ. ಹೊಳೆದಿತ್ತು.

ಒಂದು ಸೋಮವಾರ ಮಧ್ಯಾಹ್ನ ನಲವತ್ತೈದರ ಆಸುಪಾಸಿನ ಹೆಂಗಸೊಬ್ಬರು ವಿಭಾಗದ ಬಾಗಿಲಿಗೆ ಬಂದು ನಿಂತರು. ಎಡಹುಬ್ಬಿನ ಮೇಲೆ ದಪ್ಪ ಬ್ಯಾಂಡೇಜು, ಅದರ ಕೆಳಗೆ ಕಣ್ಣು ಬಾತು ಮುಚ್ಚಿಕೊಂಡಿತ್ತು. ಚೀಲದಿಂದ ಶೂನ್ಯಪ್ರಭಾ ಡಬ್ಬಿ ತೆಗೆದು ಮೇಜಿನ ಮೇಲೆ ಇಟ್ಟರು.

“ಇದರ ಮ್ಯಾಲ ಸಹಿ ಮಾಡಿದವರು ಯಾರ್ರಿ?”

“ನಾನರಿ” ಎಂದೆ. ಅವರು ನನ್ನನ್ನು ಒಂದೇ ಕಣ್ಣಿನಿಂದ ಮೇಲಿನಿಂದ ಕೆಳಗಿನವರೆಗೆ ನೋಡಿದರು.

“ನಾ ರಾಮದುರ್ಗದಾಕಿ, ತುಳಸವ್ವ. ಮನ್ಯಾಗ ಎರಡು ಕರೆಂಟಿನ ಮಗ್ಗ ಅದಾವು. ಎಲ್ಲಾ ಭಾಗಕ್ಕ ಅಂತ ಬರದೀರಿ, ಎಲ್ಲಾ ಭಾಗಕ್ಕ ಹಾಕಿದೆ.”

ಆಮೇಲೆ ಆದದ್ದನ್ನು ಅವರು ನಿಂತೇ ಹೇಳಿದರು. ಮಗ್ಗದಲ್ಲಿ ಲಾಳಿ ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಗುಂಡಿನ ಹಾಗೆ ಹಾರುತ್ತದೆ. ಎರಡೂ ತುದಿಗೆ ಅದು ಬಂದು ಸೇರುವ ಮರದ ಪೆಟ್ಟಿಗೆಗಳಿರುತ್ತವೆ. ಪೆಟ್ಟಿಗೆಯ ಒಳಗೆ ಸ್ಪ್ರಿಂಗಿನಿಂದ ಒತ್ತುವ, ಚರ್ಮ ಹಚ್ಚಿದ ಒಂದು ಪಟ್ಟಿ ಲಾಳಿಯನ್ನು ಉಜ್ಜಿ ಹಿಡಿದು ನಿಲ್ಲಿಸುತ್ತದೆ. ಅಲ್ಲಿ ಘರ್ಷಣೆಯೇ ಬ್ರೇಕು. ತುಳಸವ್ವ ಆ ಪೆಟ್ಟಿಗೆಗೂ ಪುಡಿ ಸುರಿದಿದ್ದರು. ಲಾಳಿ ನಿಲ್ಲಲಿಲ್ಲ. ಪೆಟ್ಟಿಗೆಗೆ ಬಡಿದು ಪುಟಿದು ದಿಕ್ಕು ತಪ್ಪಿತು. ಮುಂದಿನ ಹೊಡೆತಕ್ಕೆ ಮಗ್ಗದ ಆಚೆ ಹಾರಿ, ಪಕ್ಕದ ಮಗ್ಗದಲ್ಲಿ ಎಳೆ ಕೂಡಿಸುತ್ತ ನಿಂತಿದ್ದ ಅವರ ಹುಬ್ಬು ಸೀಳಿತು. ಲಾಳಿಯ ತುದಿಗೆ ಕಬ್ಬಿಣದ ಮೊನೆ ಇರುತ್ತದೆ.

“ಒಂದ ಬಟ್ಟು ಕೆಳಗ ಬಿದ್ದಿದ್ರ ಕಣ್ಣು ಹೋಗತಿತ್ತು ಅಂದ್ರು ಡಾಕ್ಟರು. ಹಾಸಿನ ನೂಲಿನ ಮ್ಯಾಲೆಲ್ಲಾ ಕರೇ ಪುಡಿ ಬಿದ್ದೈತಿ. ಲಗ್ನದ ಸೀರಿ ಅವು, ಹಳದೀವು.” ಅವರು ಡಬ್ಬಿಯನ್ನು ನನ್ನ ಕಡೆ ಸರಿಸಿ ಹೇಳಿದರು, “ನೀವು ಪರೀಕ್ಷೆ ಮಾಡಿದ ಮಗ್ಗ ತೋರಸ್ರಿ.”

ಮಗ್ಗವಲ್ಲ, ಯಂತ್ರ ಎಂದೆ. ಅದನ್ನೇ ತೋರಿಸಿ ಎಂದರು. ಒಳಗೆ ಕರೆದುಕೊಂಡು ಹೋಗಿ, ಸೂಜಿಯಿಂದ ಗ್ರಾಫೈಟಿನ ಚೂರು ಜಾರಿಸುವುದನ್ನು ಹೇಳಿದೆ. ಶಾಹೀನ ಎದ್ದು ನಿಂತಳು. ತುಳಸವ್ವ ತೂಗುವ ಕಲ್ಲನ್ನು, ಸೈಕಲ್ ಟ್ಯೂಬುಗಳನ್ನು ನೋಡಿದರು. ಬಗ್ಗಿ ಸೂಜಿ ಹುಡುಕಿದರು.

“ಎಲ್ಲೈತ್ರಿ?”

“ಕಣ್ಣಿಗೆ ಕಾಣಂಗಿಲ್ಲರಿ ಅಕ್ಕಾರ.”

“ಅದರ ಮ್ಯಾಲ ಜಾರಿಸಿದ ಚೂರು?”

“ಅದೂ ಕಾಣಂಗಿಲ್ಲರಿ. ಕೂದಲಕ್ಕಿಂತ ಸಾವಿರಾರು ಪಟ್ಟು ಸಣ್ಣದು.”

ತುಳಸವ್ವ ನೆಟ್ಟಗೆ ನಿಂತರು.

“ನನ್ನ ಮಗ್ಗ ಇಷ್ಟ ಸಣ್ಣದಿಲ್ಲರಿ” ಎಂದರು.

ಶಾಹೀನ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು. ನಾನು ಆ ವಾರವೆಲ್ಲ ಸರಿಯಾಗಿ ಉಣ್ಣಲಿಲ್ಲ. ಅನ್ನದ ತಟ್ಟೆಯ ಮುಂದೆ ಆ ಬಾತ ಕಣ್ಣು ಬಂದು ನಿಲ್ಲುತ್ತಿತ್ತು.

ಆಡಳಿತ ಮಂಡಳಿ ತನಿಖಾ ಸಮಿತಿ ಮಾಡಿತು. ಅಧ್ಯಕ್ಷರು ಮಲ್ಲೇಶಪ್ಪ ಸಾಹುಕಾರರೇ. ಪುಡಿಯ ಬಗ್ಗೆ ಅವರಿಗಿಂತ ಹೆಚ್ಚು ಬಲ್ಲವರು ಮಂಡಳಿಯಲ್ಲಿ ಇರಲಿಲ್ಲವಂತೆ. ನನ್ನ ಮುಂದೆ ಟೈಪು ಮಾಡಿದ ಒಂದು ಹೇಳಿಕೆ ಇಟ್ಟರು. ಬಳಸಿದವರ ಅಜಾಗರೂಕತೆಯಿಂದ ಹೀಗಾಯಿತು, ಪುಡಿಯಲ್ಲಿ ದೋಷವಿಲ್ಲ, ಎಂದಿತ್ತು.

“ಸಹಿ ಮಾಡು. ಆಕಿಗೆ ಎರಡು ಹೊಸಾ ಡಬ್ಬಿ ಕೊಟ್ಟು ಕಳಸೂಣು” ಎಂದರು ಸಾಹುಕಾರರು. ಚೇಷ್ಟೆ ಮಾಡುತ್ತಿರಲಿಲ್ಲ. ಮನಸ್ಸಿನಿಂದಲೇ ಹೇಳಿದ್ದರು.

“ಪುಡಿಯೊಳಗ ದೋಷ ಇಲ್ಲರಿ. ಪುಡಿ ಜಾರಿಸೈತಿ. ಜಾರಬಾರದ ಜಾಗಾದಾಗ ಜಾರಿಸೈತಿ” ಎಂದೆ.

ಗಲಗಲಿ ಸರ್ ನನ್ನನ್ನು ಮೂಲೆಗೆ ಕರೆದರು. “ನಿವೃತ್ತಿಗೆ ಹತ್ತು ತಿಂಗಳು ಉಳದಾವು. ಸುಮ್ನ ಇದ್ರ ಆಗಂಗಿಲ್ಲೇನ?”

“ಸರ, ಮೊದಲಿಂದ ಸುಮ್ನ ಇದ್ದೇನಿ. ಹಿಂಗಾತಲ್ಲರಿ.”

ಬೇರೆ ಹಾಳೆ ತೆಗೆದುಕೊಂಡು ಕೈಯಿಂದ ಬರೆದೆ. ನಮ್ಮ ಅಳತೆ ನಿಜ. ಅದು ಧೂಳಿನ ಕಣಕ್ಕಿಂತ ಎಷ್ಟೋ ಸಣ್ಣದಾದ, ಸ್ವಚ್ಛವಾದ, ಒಂದು ಕೋನದಲ್ಲಿ ತಿರುಗಿದ ಚೂರಿಗೆ ಮಾತ್ರ ನಿಜ. ಡಬ್ಬಿಯ ಪುಡಿಯಲ್ಲಿ ಕೋಟ್ಯಂತರ ಚೂರುಗಳು ಅಡ್ಡತಿಡ್ಡ ಬಿದ್ದಿರುತ್ತವೆ, ಅದಕ್ಕೆ ಈ ಅಳತೆ ಅನ್ವಯಿಸುವುದಿಲ್ಲ. ಮಗ್ಗದ ಮೇಲೆ ನಾವು ಏನನ್ನೂ ಪರೀಕ್ಷಿಸಿಲ್ಲ. ಇದನ್ನು ವರದಿಯಲ್ಲಿ ಬರೆಯಬೇಕೆಂದು ನನಗೆ ಹೇಳಿದವರಿದ್ದರು, ನಾನು ಬರೆಯಲಿಲ್ಲ, ತಪ್ಪು ನನ್ನದು. ಒಂದು ಪ್ರತಿ ಸಮಿತಿಗೆ ಕೊಟ್ಟೆ. ಇನ್ನೊಂದನ್ನು ರಾಮದುರ್ಗದ ನೇಕಾರರ ಸಂಘದ ಹಲಗೆಗೆ ನಾನೇ ಹೋಗಿ ಅಂಟಿಸಿದೆ.

ಪರಿಣಾಮ ಮೂರು ದಿನದಲ್ಲಿ ಬಂತು. ನನ್ನನ್ನು ಯಂತ್ರದಿಂದ ತೆಗೆದು, ಹಳೆಯ ಉಗ್ರಾಣದಲ್ಲಿ ಒಡೆದ ಗಾಜಿನ ಸಾಮಾನುಗಳ ಪಟ್ಟಿ ಮಾಡಲು ಹಾಕಿದರು. ಡಬ್ಬಿಗಳು ಸದ್ದಿಲ್ಲದೆ ವಾಪಸು ಬಂದವು. ಎರಡು ತಿಂಗಳ ಮೇಲೆ ಅವೇ ಡಬ್ಬಿಗಳು ಹೊಸ ಚೀಟಿ ಹಚ್ಚಿಕೊಂಡು ಹೊರಟವು: ‘ಬೀಗ ಮತ್ತು ಬಾಗಿಲ ಕೀಲುಗಳಿಗೆ.’ ಆ ಕೆಲಸಕ್ಕೆ ಗ್ರಾಫೈಟ್ ಪುಡಿ ನಿಜಕ್ಕೂ ಒಳ್ಳೆಯದು. ಸಾಹುಕಾರರು ಜೀವನದಲ್ಲಿ ಮೊದಲ ಸಲ ನಿಜ ಹೇಳಿ ಲಾಭ ಮಾಡಿಕೊಂಡರು, ಅದಕ್ಕೆ ಅವರಿಗೆ ಸನ್ಮಾನವೂ ಆಯಿತು. ಶಾಹೀನಳ ಪ್ರಬಂಧ ಒಪ್ಪಿಗೆಯಾಯಿತು. ಅದರ ಮೊದಲ ಪುಟದಲ್ಲೇ ಚೂರಿನ ಅಗಲ ಬರೆದಿದ್ದಾಳೆ. ನೀವು ಓದಿದರೆ ಅದನ್ನೊಂದು ಓದಿ.

ಉಗ್ರಾಣಕ್ಕೆ ಹೋದ ಮೊದಲ ಭಾನುವಾರವೇ ನಾನು ಸ್ಪಾನರ್ ಚೀಲ ಹಿಡಿದು ರಾಮದುರ್ಗದ ಬಸ್ಸು ಹತ್ತಿದೆ. ತುಳಸವ್ವನ ಮನೆ ನೇಕಾರರ ಓಣಿಯ ನಡುವೆ. ಎರಡೂ ಮಗ್ಗ ನಿಂತಿದ್ದವು. ಅವರು ಬಾಗಿಲಲ್ಲೇ ನಿಂತರು, ಒಳಗೆ ಕರೆಯಲಿಲ್ಲ.

“ಮತ್ತೇನ್ ಅಳ್ಯಾಕ ಬಂದ್ರಿ?”

“ಅಳ್ಯಾಕಲ್ಲರಿ ಅಕ್ಕಾರ. ತಿಕ್ಕಾಕ ಬಂದೇನಿ.”

ನಾಲ್ಕು ಭಾನುವಾರ ತಿಕ್ಕಿದೆ. ಪುಡಿ ಮರದ ಎಳೆಎಳೆಗೆ ಇಳಿದಿತ್ತು. ಸೀಮೆಎಣ್ಣೆಯಲ್ಲಿ ಒರೆಸಿದರೆ ಮೇಲಿನದು ಹೋಗುತ್ತಿತ್ತು, ಒಣಗಿದ ಮೇಲೆ ಒಳಗಿನದು ಮತ್ತೆ ಮೈದೋರುತ್ತಿತ್ತು. ಉಪ್ಪುಕಾಗದದಿಂದ ಉಜ್ಜಿ ಉಜ್ಜಿ ಪೆಟ್ಟಿಗೆಗಳ ಮೈ ಕೆರೆದೆ. ಪಟ್ಟಿಗಳ ಹಳೆಯ ಚರ್ಮ ಕಿತ್ತು ಹೊಸದು ಹಚ್ಚಿದೆ. ಎಣ್ಣೆಯಿಲ್ಲದೆ ಕಾದು ಅಚ್ಚಿಗೆ ಕಚ್ಚಿಕೊಂಡಿದ್ದ ಬುಷ್ಷುಗಳನ್ನು ಬಿಚ್ಚಿ, ಬದಲಿಸಿ, ಮೊದಲಿನ ಸಾದಾ ಎಣ್ಣೆಯನ್ನೇ ಬಿಟ್ಟೆ. ಘರ್ಷಣೆಯನ್ನು ಇಲ್ಲವಾಗಿಸಲು ತಿಂಗಳುಗಟ್ಟಲೆ ಹೆಣಗಿದವನು ಒಂದು ಗೇಣು ಮರದಲ್ಲಿ ಅದನ್ನು ಮರಳಿ ತರಲು ಬೆವರು ಸುರಿಸುತ್ತಿದ್ದೆ. ತುಳಸವ್ವ ಮೊದಲ ಭಾನುವಾರ ನೀರು ಬೇಕೇ ಎಂದೂ ಕೇಳಲಿಲ್ಲ. ಎರಡನೆಯ ಭಾನುವಾರ ಚಹಾ ಬಂತು, ಸಕ್ಕರೆ ಇಲ್ಲದೆ. ಮೂರನೆಯ ಭಾನುವಾರ ರೊಟ್ಟಿ ಊಟ ಹಾಕಿದರು. ಆಗ ಅವರ ಬ್ಯಾಂಡೇಜು ಬಿಚ್ಚಿತ್ತು. ಹುಬ್ಬನ್ನು ಎರಡು ಪಾಲು ಮಾಡಿದ ಗಾಯದ ಗೆರೆ ಕಾಣುತ್ತಿತ್ತು. ನಾನು ತಟ್ಟೆಯನ್ನೇ ನೋಡುತ್ತ ಉಂಡೆ.

ನಾಲ್ಕನೆಯ ಭಾನುವಾರ ಮಧ್ಯಾಹ್ನ ಮೊದಲ ಮಗ್ಗ ಸಿದ್ಧವಾಯಿತು. ಹಳದಿ ಹಾಸು ಹೊಸದಾಗಿ ಬಿಗಿದಿತ್ತು. ಕೈಯಿಂದ ತಿರುಗಿಸಿ ನೋಡಿದೆ, ಎಲ್ಲ ಸರಿಯಾಗಿ ಕೂತಿತ್ತು. ಒರೆಸುವ ಬಟ್ಟೆ ಮಡಚಿ ಚೀಲಕ್ಕೆ ಹಾಕಿದೆ.

“ಆತ್ರಿ ಅಕ್ಕಾರ. ಚಾಲೂ ಮಾಡ್ರಿ.”

ತುಳಸವ್ವ ಸ್ವಿಚ್ಚಿನ ಬಳಿ ಹೋದರು. ಕೈ ಇಟ್ಟರು. ಒತ್ತಲಿಲ್ಲ.

“ನೀವು ಅಲ್ಲೆ ನಿಂದರ್ರಿ.”

ಅವರು ಬೆರಳು ತೋರಿಸಿದ್ದು ಮಗ್ಗದ ಬಲಮಗ್ಗುಲಿಗೆ. ಲಾಳಿ ಹಾರಿ ಬಂದು ಸೇರುವ ಪೆಟ್ಟಿಗೆಯ ನೇರಕ್ಕೆ, ಎರಡು ಮೊಳ ದೂರ. ಅದು ನಿಲ್ಲದಿದ್ದರೆ ಬರುವ ಜಾಗ.

“ಅಲ್ಲೇನ್ರಿ?”

“ಹೂಂ. ಪರೀಕ್ಷೆ ಮಾಡೂದು ನಿಮ್ಮ ಕೆಲಸ ಹೌದಲ್ಲೋ?”

ನಗುತ್ತಿರಲಿಲ್ಲ. ನಾನು ಹೋಗಿ ನಿಂತೆ. ಪೆಟ್ಟಿಗೆ ನನ್ನ ಎದೆಗಿಂತ ಸ್ವಲ್ಪ ಕೆಳಗೆ ಬಂತು. ಕೈಗಳನ್ನು ಎಲ್ಲಿ ಇಡಬೇಕೋ ತಿಳಿಯಲಿಲ್ಲ. ಹಚ್ಚಿದ ಚರ್ಮ, ಬಿಗಿದ ಸ್ಪ್ರಿಂಗು, ಕೆರೆದ ಮರ, ಒಂದೊಂದೇ ನೆನಪಿಗೆ ಬಂದವು. ಒಂದೊಂದರ ಮೇಲೂ ಅನುಮಾನ ಬಂತು.

ತುಳಸವ್ವ ಸ್ವಿಚ್ಚು ಒತ್ತಿದರು. ಮಗ್ಗ ಮೈ ಕೊಡವಿ ಎದ್ದಿತು. ಲಾಳಿ ಎಡದಿಂದ ಹೊರಟದ್ದು ಕಾಣಲಿಲ್ಲ. ನನ್ನ ಮುಂದೆ ಠಪ್ ಎಂದು ನಿಂತದ್ದು ಮಾತ್ರ ಕೇಳಿಸಿತು. ಹೋಯಿತು, ಮತ್ತೆ ಬಂತು, ನಿಂತಿತು. ಕಣ್ಣು ಮುಚ್ಚಿಕೊಂಡಿದ್ದೆ ಎಂದು ಗೊತ್ತಾದದ್ದು ಕಣ್ಣು ತೆರೆದಾಗ. ಹಳದಿ ಬಟ್ಟೆ ಒಂದು ಬೆರಳು ಬೆಳೆದಿತ್ತು.

ಮಗ್ಗದ ಸದ್ದಿನಲ್ಲಿ ಕೂಗಿ ಕೇಳಿದೆ, “ಬರೋಬರಿ ಐತೇನ್ರಿ ಅಕ್ಕಾರ?”

ತುಳಸವ್ವ ಬಗ್ಗಿ ಬಟ್ಟೆ ಮುಟ್ಟಿ ನೋಡಿದರು, ಪೆಟ್ಟಿಗೆ ನೋಡಿದರು, ಆಮೇಲೆ ನನ್ನನ್ನು ನೋಡಿದರು.

“ಇನ್ನೊಂದು ಗೇಣು ಆಗಲಿ, ನಿಂದರ್ರಿ” ಎಂದರು.

ನಿಂತೆ.